ನಾಲ್ಕು ಮನೆಯ ಚೌಕದಲ್ಲಿ ಬಿತ್ತನೆ ಬೀಜದ ಗುಟ್ಟು

ಮುದನಾಳವೂ ಸೇರಿದಂತೆ ಯಾದಗಿರಿ, ಶಹಾಪುರ, ಸುರಪುರ ಸೀಮೆಯ ಎರೆಭೂಮಿಯಲ್ಲಿ ತೊಗರಿ, ಹತ್ತಿಗಳು ರೈತನ ಆಸರೆಯ ಬೆಳೆಗಳು. ತೊಗರಿಯ ಬೀಜವನ್ನು ಮನೆಯಲ್ಲಿಯೇ ಎತ್ತಿಟ್ಟು ಬಿತ್ತಬಲ್ಲ ರೈತನು ಹೈಬ್ರಿಡ್ ಹತ್ತಿಯ ಬೀಜಕ್ಕೆ ಮಾತ್ರ ಪ್ರತಿ ಮುಂಗಾರಿಗೂ ಅಂಗಡಿಯ ಮೆಟ್ಟಿಲೇರಬೇಕು. ಕೆಲವೊಮ್ಮೆ ಸಾಲವನ್ನೂ ಮಾಡಬೇಕು. ಇದು ಬರೀ ವ್ಯಾಪಾರದ ತಂತ್ರವೇ? ಉತ್ತರವನ್ನು ನಾವು ಒಬ್ಬ ಕಥೋಲಿಕ ಸನ್ಯಾಸಿಯ ಬಟಾಣಿ ತೋಟದಲ್ಲಿ ಕಾಣುತ್ತೇವೆ.

ಇಂದಿನ ಚೆಕ್ ಗಣರಾಜ್ಯದ ಬರ್ನೊ ನಗರದ ಅಗಸ್ಟಿನಿಯನ್ ಮಠದಲ್ಲಿದ್ದ ಗ್ರೆಗೊರ್ ಮೆಂಡೆಲ್ (1822–1884) ಅವರು 1856ರಿಂದ 1863ರವರೆಗೆ ಬಟಾಣಿಯ ಮೇಲೆ ಪ್ರಯೋಗ ನಡೆಸಿದರು. ಎತ್ತರದ ಗಿಡಕ್ಕೆ ಗಿಡ್ಡ ಗಿಡವನ್ನು ಸಂಕರಗೊಳಿಸಿದಾಗ ಮೊದಲ ಪೀಳಿಗೆಯೆಲ್ಲ ಎತ್ತರವಾಯಿತು. ಅದರ ಬೀಜವನ್ನು ಬಿತ್ತಿದಾಗ 787 ಎತ್ತರದ, 277 ಗಿಡ್ಡ ಗಿಡಗಳು ಬಂದವು. ಅಂದರೆ ಹೆಚ್ಚುಕಡಿಮೆ ಮೂರಕ್ಕೆ ಒಂದು. 1866ರಲ್ಲಿ ಪ್ರಕಟವಾದ ಈ ಸಂಶೋಧನೆಗೆ ಜಗತ್ತಿನ ಮನ್ನಣೆ ದೊರೆತುದು 1900ರಲ್ಲಿ, ಅವರು ತೀರಿಕೊಂಡ 16 ವರ್ಷಗಳ ಬಳಿಕ.

ಈ ಲೆಕ್ಕವನ್ನು ಸುಲಭಗೊಳಿಸಿದವರು ಕೇಂಬ್ರಿಜ್‌ನ ರೆಜಿನಾಲ್ಡ್ ಪನೆಟ್. ಎತ್ತರದ ಅಂಶ ‘ಎ’, ಗಿಡ್ಡದ ಅಂಶ ‘ಗಿ’ ಎನ್ನೋಣ. ಸಂಕರ ಗಿಡದಲ್ಲಿ ಎರಡೂ ಇವೆ. ನಾಲ್ಕು ಮನೆಯ ಚೌಕವೊಂದನ್ನು ಬರೆದು, ಮೇಲೆ ಪರಾಗದ ಎ, ಗಿ. ಎಡಬದಿಗೆ ಅಂಡದ ಎ, ಗಿ ಇರಿಸಿದರೆ ಮನೆಗಳಲ್ಲಿ ಎಎ, ಎಗಿ, ಎಗಿ, ಗಿಗಿ ಕೂಡುತ್ತವೆ. ‘ಎ’ ಪ್ರಬಲವಾದುದರಿಂದ ಮೂರು ಎತ್ತರ, ಒಂದು ಗಿಡ್ಡ. ಆದರೆ ತಾಯಿಗಿಡದಂತೆಯೇ ‘ಎಗಿ’ ಆಗಿರುವುದು ಅರ್ಧ ಮಾತ್ರ! ಇದು ಸಂಭವದ ಲೆಕ್ಕ. ಪ್ರತಿ ನಾಲ್ಕು ಗಿಡಕ್ಕೂ ಕರಾರುವಾಕ್ಕಾದ ವಾಗ್ದಾನವಲ್ಲ.

ಈಗ ಹತ್ತಿಗೆ ಬರೋಣ. 1972ರಲ್ಲಿ ಧಾರವಾಡದಲ್ಲಿ ಡಾ. ಬಿ. ಎಚ್. ಕಟರ್ಕಿಯವರು ಎರಡು ಬೇರೆ ಜಾತಿಯ ಹತ್ತಿಗಳನ್ನು ಕೂಡಿಸಿ ‘ವರಲಕ್ಷ್ಮಿ’ಯನ್ನು ರೂಪಿಸಿದರು. ಇಂತಹ ಸಂಕರದಲ್ಲಿ ಭಿನ್ನವಾದ ಜೋಡಿಗಳು ಅನೇಕ. ಹತ್ತೇ ಜೋಡಿಗಳೆಂದರೂ, ಅವು ಒಂದನ್ನೊಂದು ಅವಲಂಬಿಸದೆ ಹಂಚಿಕೆಯಾದರೆ, ಅದರ ಬೀಜದಿಂದ ಹುಟ್ಟಿದ 1024 ಗಿಡಗಳಲ್ಲಿ ಸರಾಸರಿ ಒಂದು ಮಾತ್ರ ಆ ಹತ್ತರಲ್ಲೂ ತಾಯಿಯಂತಿರುವುದು. ಹೊಲದಲ್ಲಿ ಎತ್ತರವೂ ಕಾಯಿಯೂ ಏರುಪೇರಾಗಿ ಇಳುವರಿ ಕುಸಿಯುತ್ತದೆ.

ಟಿ.ಎಸ್. 3ಆರ್‌ನಂತಹ ತೊಗರಿ ತಳಿಯ ಕಥೆ ಬೇರೆ. ಎಎಗೆ ಎಎ ಸೇರಿದರೆ ನಾಲ್ಕೂ ಮನೆಗಳು ಒಂದೇ. ಆದರೂ ಜೇನ್ನೊಣಗಳು ನೆರೆಹೊಲದ ಪರಾಗ ತರುವುದರಿಂದ, ಹೊಲದ ನಡುಭಾಗದ ಆರೋಗ್ಯವಂತ ಗಿಡಗಳಿಂದ ಬೀಜ ಆಯ್ದುಕೊಳ್ಳುವುದು ಲೇಸು.

ಮಕ್ಕಳು ಶಾಲೆಯಲ್ಲಿ ಕಲಿಯುವ ಈ ಚೌಕವನ್ನು ಮನೆಯ ಹಿರಿಯರಿಗೂ ಬರೆದು ತೋರಿಸಲಿ. ಯಾವ ಬೀಜವನ್ನು ಕಣಜದಲ್ಲಿಡಬೇಕು, ಯಾವುದಕ್ಕೆ ಹಣ ತೆರಬೇಕು ಎಂಬುದನ್ನು ಆಗ ನಾವೇ ತಿಳಿದು ನಿರ್ಧರಿಸಬಹುದು.