‘ತುಂಬಾ ಹೊತ್ತು’ ಎಂದರೆ ಎಷ್ಟು ಹೊತ್ತು?

ನಮ್ಮೂರಿನ ಡೆವಲಪರ್‌ಗಳ ಬಳಗದವರು ಒಂದು ಭಾನುವಾರ ಬೆಳಿಗ್ಗೆ ಸಾಫ್ಟ್‌ವೇರ್ ಗುಣಮಟ್ಟದ ಬಗ್ಗೆ ಮಾತಾಡಿ ಎಂದು ಕರೆದಿದ್ದರು. ಮುಂದಿನ ಸಾಲಿನಲ್ಲಿ ಕೂತಿದ್ದ ಹುಡುಗಿಗೆ, ‘ಪೈಥಾನ್ ತೆರೆದು 0.1ಕ್ಕೆ 0.2 ಕೂಡಿಸಮ್ಮ’ ಎಂದೆ. ಪರದೆಯ ಮೇಲೆ ಮೂಡಿದ ಉತ್ತರ: 0.30000000000000004. ಹೊಸಬರು ನಕ್ಕರು. ಹಳಬರು ಇದೆಲ್ಲ ಗೊತ್ತಿದ್ದದ್ದೇ ಎಂಬಂತೆ ಕಾಫಿ ಹೀರಿದರು.

ಒಂದನ್ನು ಮೂರರಿಂದ ಭಾಗಿಸಿದರೆ 0.333… ಎಂದು ಮುಗಿಯದೆ ಸಾಗುತ್ತದಲ್ಲ, ಸೊನ್ನೆ-ಒಂದುಗಳ ದ್ವಿಮಾನ ಪದ್ಧತಿಯಲ್ಲಿ ಹತ್ತನೇ ಒಂದು ಭಾಗದ ಪಾಡೂ ಅದೇ. ಕಂಪ್ಯೂಟರ್ ಎಲ್ಲೋ ಒಂದು ಕಡೆ ಅದರ ಬಾಲ ಕತ್ತರಿಸಲೇಬೇಕು.

ಕತ್ತರಿಸಿದ ಆ ಚೂರು 1991ರ ಕೊಲ್ಲಿ ಯುದ್ಧದಲ್ಲಿ ಜೀವ ತೆಗೆಯಿತು. ಸೌದಿ ಅರೇಬಿಯಾದ ಧಹ್ರಾನ್‌ನಲ್ಲಿ ಅಮೆರಿಕದ ಪೇಟ್ರಿಯಟ್ ಕ್ಷಿಪಣಿ ನಿರೋಧಕ ವ್ಯವಸ್ಥೆಯೊಂದಿತ್ತು. ಅದರ ಗಡಿಯಾರ ಸೆಕೆಂಡಿನ ಹತ್ತನೇ ಭಾಗಗಳನ್ನು ಎಣಿಸುತ್ತಿತ್ತು. ಆ ಎಣಿಕೆಯನ್ನು 24 ಬಿಟ್‌ಗಳಿಗೆ ಮೊಟಕುಗೊಳಿಸಿದ 0.1ರಿಂದ ಗುಣಿಸಿ ಸಮಯ ತಿಳಿಯುತ್ತಿದ್ದರು. ಒಂದು ಎಣಿಕೆಗೆ ತಪ್ಪುತ್ತಿದ್ದುದು ಸೆಕೆಂಡಿನ ಕೋಟಿಯಲ್ಲೊಂದು ಪಾಲಿಗಿಂತಲೂ ಕಡಿಮೆ. ಆದರೆ ಯಂತ್ರ ನೂರು ಗಂಟೆ ಬಿಡುವಿಲ್ಲದೆ ಓಡಿತ್ತು. ಅಂದರೆ 36 ಲಕ್ಷ ಎಣಿಕೆ, ಒಟ್ಟು ತಪ್ಪು 0.34 ಸೆಕೆಂಡ್. ಅಷ್ಟರಲ್ಲಿ ಸ್ಕಡ್ ಕ್ಷಿಪಣಿ ಅರ್ಧ ಕಿಲೋಮೀಟರಿಗಿಂತ ಹೆಚ್ಚು ದೂರ ಹೋಗಿರುತ್ತದೆ. ಫೆಬ್ರವರಿ 25ರ ರಾತ್ರಿ ರೇಡಾರ್ ಆಕಾಶದ ತಪ್ಪು ಜಾಗದಲ್ಲಿ ಅದನ್ನು ಹುಡುಕಿತು. ಸ್ಕಡ್ ಸೈನಿಕರ ವಸತಿಯ ಮೇಲೆ ಬಿತ್ತು. 28 ಅಮೆರಿಕನ್ ಸೈನಿಕರು ಸತ್ತರು.

‘ಟೆಸ್ಟ್ ಮಾಡಿರಲಿಲ್ಲವೇ ಸಾರ್?’ ಎಂದ ಹಿಂದಿನಿಂದ ಒಬ್ಬ.

ಪೇಟ್ರಿಯಟ್‌ ಜಾಗ ಬದಲಿಸುತ್ತ ಓಡಾಡುವ ಯಂತ್ರ, ಒಂದೆಡೆ ಕೆಲವೇ ಗಂಟೆ ನಿಲ್ಲುತ್ತದೆ ಎಂಬ ಲೆಕ್ಕದಲ್ಲೇ ಅದನ್ನು ರೂಪಿಸಿದ್ದರು. ದಿನಗಟ್ಟಲೆ ಓಡಿಸುತ್ತಾರೆಂದು ಯಾರೂ ಎಣಿಸಿರಲಿಲ್ಲ. ಎಂಟು ಗಂಟೆ ಓಡಿದರೂ ಗುರಿ ಸರಿಯುತ್ತದೆ ಎಂಬ ಮಾಹಿತಿ ಫೆಬ್ರವರಿ 11ರಂದೇ ಇಸ್ರೇಲಿನಿಂದ ಬಂದಿತ್ತು. 21ರಂದು ಬಳಕೆದಾರರಿಗೆ ಎಚ್ಚರಿಕೆಯೂ ಹೋಯಿತು: ತುಂಬಾ ಹೊತ್ತು ಓಡಿಸಿದರೆ ಗುರಿ ತಪ್ಪಬಹುದು ಎಂದು. ತುಂಬಾ ಹೊತ್ತು ಎಂದರೆ ಎಷ್ಟು ಹೊತ್ತು ಎಂದು ಅದರಲ್ಲಿ ಇರಲಿಲ್ಲ. ಇದ್ದಿದ್ದರೆ ಮಾಡಬೇಕಿದ್ದದ್ದು ಒಂದು ರೀಬೂಟ್. ಗಡಿಯಾರ ಸೊನ್ನೆಗೆ ಮರಳುತ್ತಿತ್ತು. ಅದಕ್ಕೆ ಹಿಡಿಯುತ್ತಿದ್ದುದು 60ರಿಂದ 90 ಸೆಕೆಂಡ್.

ಬಗ್ ಇಲ್ಲದ ಕೋಡ್ ಬರೆಯಿರಿ ಎಂದು ನಾನು ಅವರಿಗೆ ಹೇಳಲಿಲ್ಲ, ಅದು ಯಾರಿಂದಲೂ ಆಗದ ಮಾತು. ನಿಮ್ಮ ತಂತ್ರಾಂಶ ಎಷ್ಟು ಹೊತ್ತು, ಎಷ್ಟು ಜನರಿಗೆ, ಎಷ್ಟು ದೊಡ್ಡ ಸಂಖ್ಯೆಯವರೆಗೆ ನೆಟ್ಟಗೆ ನಡೆಯುತ್ತದೆಂದು ಅಂದುಕೊಂಡಿದ್ದೀರೋ ಅದನ್ನು ಅಂಕಿಯಲ್ಲಿ ಬರೆದಿಡಿ, ಆಮೇಲೆ ಆ ಅಂಕಿ ದಾಟಿಸಿ ಓಡಿಸಿ ನೋಡಿ ಎಂದೆ. ಮನಸ್ಸಿನಲ್ಲೇ ಉಳಿದ ಮಿತಿಯನ್ನು ಯಾವ ಟೆಸ್ಟೂ ಹಿಡಿಯಲಾರದು.

ತಿದ್ದಿದ ಸಾಫ್ಟ್‌ವೇರ್ ಧಹ್ರಾನ್ ತಲುಪಿದ್ದು ಮಾರನೆಯ ದಿನ, ಫೆಬ್ರವರಿ 26ರಂದು.