ಕ್ಯಾನ್ಸರ್ ಅಂಟುವುದಿಲ್ಲ, ಅದರ ಹಿಂದಿನ ಕೆಲವು ಸೋಂಕುಗಳು ಅಂಟುತ್ತವೆ

ಮಡಿಕೇರಿ–ಸೋಮವಾರಪೇಟೆ ರಸ್ತೆಯ ಮಾದಾಪುರದಲ್ಲಾಗಲಿ, ಸುತ್ತಲ ತೋಟಗಳ ಲೈನ್ ಮನೆಗಳಲ್ಲಾಗಲಿ ಯಾರಿಗಾದರೂ ಕ್ಯಾನ್ಸರ್ ಎಂದರೆ ಮೈಸೂರಿಗೋ ಮಂಗಳೂರಿಗೋ ಬೆಂಗಳೂರಿನ ಕಿದ್ವಾಯಿಗೋ ಹೊರಡಬೇಕು. ಅಲ್ಲಿಂದ ಸುಸ್ತಾಗಿ ಮರಳಿದವರಿಗೆ ಕೆಲವು ಮನೆಗಳಲ್ಲಿ ಬೇರೆ ತಟ್ಟೆ, ಬೇರೆ ಲೋಟ ಕಾದಿರುತ್ತವೆ. “ಮಕ್ಕಳನ್ನು ಹತ್ತಿರ ಬಿಡಬೇಡಿ” ಎನ್ನುವ ನೆಂಟರಿಗೂ ಕೊರತೆಯಿಲ್ಲ. ಈ ಭಯವನ್ನು ಬರೀ ಅಜ್ಞಾನವೆಂದು ತಳ್ಳಿಹಾಕುವಂತಿಲ್ಲ. ಕ್ಷಯವನ್ನೂ ಕೊರೊನಾವನ್ನೂ ಕಂಡ ಜನ ನಾವು. ಸಾಲದ್ದಕ್ಕೆ ವೈರಸ್‌ನಿಂದ ಕ್ಯಾನ್ಸರ್ ಬರುತ್ತದೆಂದು ಡಾಕ್ಟರೇ ಹೇಳುತ್ತಾರೆ.

ಆದರೂ ಆ ತಟ್ಟೆಯ ಅಗತ್ಯವಿಲ್ಲ. ಕ್ಯಾನ್ಸರ್ ಎಂದರೆ ಹೊರಗಿನಿಂದ ಬಂದ ಕ್ರಿಮಿಯಲ್ಲ, ಕಡಿವಾಣ ತಪ್ಪಿದ ನಮ್ಮದೇ ಜೀವಕೋಶ. ಎಂಜಲು, ಬೆವರು, ಕೆಮ್ಮು, ಒಂದೇ ಹಾಸಿಗೆ, ಯಾವುದರಿಂದಲೂ ಅದು ದಾಟದು. ಹೇಗೋ ಇನ್ನೊಬ್ಬರ ಮೈ ಹೊಕ್ಕರೂ ಅಲ್ಲಿನ ರೋಗನಿರೋಧಕ ವ್ಯವಸ್ಥೆ ಅದನ್ನು ಪರಕೀಯವೆಂದು ಗುರುತಿಸಿ ಕೊಲ್ಲುತ್ತದೆ. ಕಿಡ್ನಿ ಕಸಿ ಮಾಡಿಸಿಕೊಂಡವರು ದಿನವೂ ಮಾತ್ರೆ ನುಂಗುವುದು ಇದೇ ತಿರಸ್ಕಾರವನ್ನು ಅಡಗಿಸಲು. ದಾನಿಯ ಅಂಗದಲ್ಲಿ ಅಡಗಿದ್ದ ಗಡ್ಡೆ ಕಸಿಯ ಜೊತೆ ಬಂದದ್ದು, ಬಸುರಿಯಿಂದ ಮಗುವಿಗೆ ದಾಟಿದ್ದು ಉಂಟು. ಅವು ತೀರಾ ಅಪರೂಪ.

ಮೈಯಿಂದ ಮೈಗೆ ಅಂಟುವ ಕ್ಯಾನ್ಸರ್ ನೋಡಬೇಕೆಂದರೆ ಪಶುವೈದ್ಯರನ್ನು ಕೇಳಿ. ಬೀದಿನಾಯಿಗಳ ಜನನಾಂಗದಲ್ಲಿ ರಕ್ತ ಒಸರುವ, ಹೂಕೋಸಿನಂಥ ಗಡ್ಡೆ ಅದು. ಸಾವಿರಾರು ವರ್ಷಗಳ ಹಿಂದೆ ಒಂದು ನಾಯಿಯಲ್ಲಿ ಹುಟ್ಟಿದ ಜೀವಕೋಶಗಳೇ ಕೂಡುವಾಗ ನಾಯಿಯಿಂದ ನಾಯಿಗೆ ದಾಟುತ್ತ ಇಂದಿಗೂ ಬದುಕಿವೆ! ವಿನ್‌ಕ್ರಿಸ್ಟಿನ್ ಇಂಜೆಕ್ಷನ್‌ಗೆ ಬಹುಪಾಲು ವಾಸಿಯಾಗುತ್ತದೆ, ಮನುಷ್ಯರಿಗೆ ಬರುವುದಿಲ್ಲ.

“ಹಾಗಾದರೆ ವೈರಸ್ ಕಥೆ ಸುಳ್ಳೇ?” ಸುಳ್ಳಲ್ಲ. ಅಂಟುವುದು ಸೋಂಕು. ಅದು ತಗುಲಿದವರಲ್ಲಿ ಕೆಲವರಿಗೆ ಮಾತ್ರ, ಎಷ್ಟೋ ವರ್ಷಗಳ ನಂತರ ಕ್ಯಾನ್ಸರ್. 2018ರಲ್ಲಿ ಜಗತ್ತಿನ ಹೊಸ ಕ್ಯಾನ್ಸರ್‌ಗಳಲ್ಲಿ ಸುಮಾರು ಶೇ 13ರಷ್ಟಕ್ಕೆ ಸೋಂಕು ಕಾರಣವೆಂಬ ಅಂದಾಜಿದೆ.

ಗರ್ಭಕಂಠದ ಕ್ಯಾನ್ಸರನ್ನೇ ನೋಡಿ. ಅದಕ್ಕೆ ಎಚ್‌ಪಿವಿ ಕಾರಣವೆಂದು ತೋರಿಸಿದ ಜರ್ಮನಿಯ ಹರಾಲ್ಡ್ ಜುರ್ ಹೌಸೆನ್‌ಗೆ 2008ರಲ್ಲಿ ನೊಬೆಲ್ ಬಂತು. ಲೈಂಗಿಕ ಸಂಪರ್ಕದಿಂದ ಹರಡುವ ಈ ವೈರಸ್ ಬಹುತೇಕರಿಗೆ ಬದುಕಿನಲ್ಲಿ ಒಮ್ಮೆಯಾದರೂ ತಗುಲುತ್ತದೆ, ಹೆಚ್ಚಿನವರಲ್ಲಿ ಒಂದೆರಡು ವರ್ಷದಲ್ಲಿ ತಾನೇ ಹೋಗುತ್ತದೆ. ಆದ್ದರಿಂದ ಈ ಕ್ಯಾನ್ಸರ್ ಬಂದ ಹೆಂಗಸಿನ ನಡತೆಯ ಬಗ್ಗೆ ಗುಸುಗುಸು ಮಾಡುವವರು ಬಾಯಿ ಮುಚ್ಚಿಕೊಂಡರೆ ಒಳ್ಳೆಯದು. ವೈರಸ್ ತಂದದ್ದು ಗಂಡನೂ ಆಗಿರಬಹುದು. ಹೋಗದೆ ಉಳಿದುಕೊಂಡ ವೈರಸ್, ಜೀವಕೋಶವನ್ನು ಹತೋಟಿಯಲ್ಲಿಡುವ ಪ್ರೋಟೀನುಗಳನ್ನು ಕೆಡಿಸುತ್ತದೆ. ಅಲ್ಲಿಂದ ಕ್ಯಾನ್ಸರ್ ಆಗಲು ಸಾಮಾನ್ಯವಾಗಿ 15–20 ವರ್ಷ. ಪತ್ತೆಗೆ ಇಷ್ಟು ಕಾಲಾವಕಾಶ ಕೊಡುವ ಕಾಯಿಲೆಗಳು ಕಡಿಮೆ. 30 ದಾಟಿದ ಹೆಂಗಸರಿಗೆ ಅಸಿಟಿಕ್ ಆಮ್ಲದ ದ್ರಾವಣ ಹಚ್ಚಿ ಗರ್ಭಕಂಠ ನೋಡುವ ಪರೀಕ್ಷೆ ಸರ್ಕಾರಿ ಕಾರ್ಯಕ್ರಮದಲ್ಲಿಯೇ ಇದೆ, ನಾಚಿಕೆಯಿಂದ ತಪ್ಪಿಸಿಕೊಳ್ಳುವವರೇ ಹೆಚ್ಚು. ಹೆಣ್ಣುಮಕ್ಕಳಿಗೆ ಹರೆಯದ ಆರಂಭದಲ್ಲೇ ಕೊಡುವ ಲಸಿಕೆಯೂ ಇದೆ. ಪುಣೆಯ ಸೀರಂ ಇನ್‌ಸ್ಟಿಟ್ಯೂಟ್ ತಯಾರಿಸಿದ ಸರ್ವಾವ್ಯಾಕ್ 2023ರಲ್ಲಿ ಬಿಡುಗಡೆಯಾಯಿತು.

ಲಿವರ್ ಕ್ಯಾನ್ಸರ್‌ಗೆ “ಕುಡಿತವೇ ಕಾರಣ” ಎಂಬುದು ಅರ್ಧ ಸತ್ಯ. ಹೆಪಟೈಟಿಸ್ ಬಿ ಮತ್ತು ಸಿ ವೈರಸ್‌ಗಳು ದೊಡ್ಡ ಕಾರಣ. ಬಿ ವೈರಸ್ ರಕ್ತದಿಂದ, ಲೈಂಗಿಕ ಸಂಪರ್ಕದಿಂದ, ಹೆರಿಗೆಯಲ್ಲಿ ತಾಯಿಯಿಂದ ಮಗುವಿಗೆ ದಾಟುತ್ತದೆ. ಒಟ್ಟಿಗೆ ಉಂಡರೆ ದಾಟದು. ಒಣಗಿದ ರಕ್ತದಲ್ಲೂ ಅದು ಏಳು ದಿನ ಬದುಕಬಲ್ಲದು. ಕ್ಷೌರದಂಗಡಿಯಲ್ಲಿ ಹೊಸ ಬ್ಲೇಡ್ ಕೇಳುವುದಕ್ಕೆ ಏಡ್ಸ್ ಒಂದೇ ಕಾರಣವಲ್ಲ. ಮಗು ಹುಟ್ಟಿದ 24 ಗಂಟೆಯೊಳಗೆ ಹಾಕುವ ಹೆಪಟೈಟಿಸ್ ಬಿ ಲಸಿಕೆ ವಾಸ್ತವದಲ್ಲಿ ಕ್ಯಾನ್ಸರ್ ತಡೆಯುವ ಲಸಿಕೆಯೇ. ತೈವಾನ್ 1984ರಲ್ಲಿ ಇದನ್ನು ಶಿಶುಗಳಿಗೆ ಹಾಕತೊಡಗಿದ ಮೇಲೆ ಅಲ್ಲಿನ ಮಕ್ಕಳಲ್ಲಿ ಲಿವರ್ ಕ್ಯಾನ್ಸರ್ ಇಳಿಯಿತು. ಸಿ ವೈರಸ್‌ಗೆ ಲಸಿಕೆಯಿಲ್ಲ, ಆದರೆ ಸಾಮಾನ್ಯವಾಗಿ 12 ವಾರದ ಮಾತ್ರೆಗೆ ಗುಣವಾಗುತ್ತದೆ. ಹೊಟ್ಟೆಯ ಕ್ಯಾನ್ಸರ್‌ಗೆ ಕಾರಣವಾಗುವ ಹೆಲಿಕೋಬ್ಯಾಕ್ಟರ್ ಪೈಲೋರಿ ಬ್ಯಾಕ್ಟೀರಿಯಾವನ್ನೂ ಆ್ಯಂಟಿಬಯಾಟಿಕ್‌ನಿಂದ ತೊಲಗಿಸಬಹುದು.

“ಒಂದೇ ಮನೆಯಲ್ಲಿ ಮೂವರಿಗೆ ಬಂತಲ್ಲ?” ಎಂದು ಕೇಳುವವರಿದ್ದಾರೆ. ವಂಶವಾಹಿ ಒಂದೇ ಇರಬಹುದು. ಇಲ್ಲವೇ ಮೂವರೂ ಒಂದೇ ಸಂಚಿಯಿಂದ ಎಲೆ, ಅಡಿಕೆ, ಹೊಗೆಸೊಪ್ಪು ಹಾಕಿಕೊಳ್ಳುತ್ತಿರಬಹುದು. ಹೊಗೆಸೊಪ್ಪು ಬಿಟ್ಟು ಬರೀ ಅಡಿಕೆ ಜಗಿದರೂ ಬಾಯಿ ಕ್ಯಾನ್ಸರ್ ಬರುತ್ತದೆ ಎಂದರೆ ನಮ್ಮ ಮಲೆನಾಡಿನವರಿಗೆ ಸಿಟ್ಟು ಬರುತ್ತದೆ, ಏನು ಮಾಡುವುದು.

ಪ್ರತ್ಯೇಕ ಇಡಿ ಎಂದು ಆಸ್ಪತ್ರೆಯವರೇ ಹೇಳುವ ಸಂದರ್ಭಗಳೂ ಇವೆ. ಥೈರಾಯ್ಡ್ ಕ್ಯಾನ್ಸರ್‌ಗೆ ವಿಕಿರಣಶೀಲ ಅಯೋಡಿನ್ ಕುಡಿದವರು ಕೆಲವು ದಿನ ಮಕ್ಕಳಿಂದ, ಬಸುರಿಯರಿಂದ ದೂರವಿರಬೇಕು. ಕಿಮೋ ಆದ ಎರಡು ದಿನ ರೋಗಿಯ ವಾಂತಿ, ಮೂತ್ರ ಬಳಿಯುವವರು ಗ್ಲೌಸ್ ಹಾಕಬೇಕು. ಎರಡೂ ಔಷಧಿಯ ದೆಸೆಯಿಂದ, ಕ್ಯಾನ್ಸರ್‌ನ ದೆಸೆಯಿಂದಲ್ಲ. ಹೊರಗಿನ ಯಂತ್ರದಿಂದ ರೇಡಿಯೇಷನ್ ಪಡೆದವರ ಮೈಯಲ್ಲಿ ವಿಕಿರಣ ಉಳಿಯುವುದಿಲ್ಲ, ಮೊಮ್ಮಗುವನ್ನು ಧಾರಾಳವಾಗಿ ಎತ್ತಿಕೊಳ್ಳಲಿ.

ಅಂಟುವ ಅಪಾಯ ಇರುವುದು ನಮ್ಮಿಂದ ಅವರಿಗೆ. ಕಿಮೋ ಆಗಿ ಒಂದೆರಡು ವಾರದಲ್ಲಿ ಬಿಳಿ ರಕ್ತಕಣಗಳು ಕುಸಿದಿರುತ್ತವೆ. ನಮ್ಮ ಸಣ್ಣ ನೆಗಡಿಯೂ ಅವರಿಗೆ ನ್ಯುಮೋನಿಯಾ ಆಗಬಹುದು. ಕೆಮ್ಮುತ್ತ ನೋಡಲು ಹೋಗುವವರು ಫೋನ್ ಮಾಡಿದರೆ ಸಾಕು. ಆ ದಿನಗಳಲ್ಲಿ ಜ್ವರ 100.4 ಡಿಗ್ರಿ ಮುಟ್ಟಿತೆಂದರೆ, ಮಳೆಗಾಲದ ರಾತ್ರಿಯೇ ಆಗಿರಲಿ, ಬೆಳಗಾಗಲಿ ಎಂದು ಕಾಯದೆ ರೋಗಿಯನ್ನು ಆಸ್ಪತ್ರೆಗೆ ಕರೆದೊಯ್ಯಬೇಕು.