ಮನೆ ಮಂಜೂರಾಯಿತು, ಹಣ ಎಲ್ಲಿಂದ ಬರುತ್ತದೆ?

2019ರ ಆಗಸ್ಟ್ ತಿಂಗಳನ್ನು ನಮ್ಮ ಭಾಗದವರು ಮರೆತಿಲ್ಲ. ಘಟಪ್ರಭಾ, ಮಾರ್ಕಂಡೇಯ, ಹಿರಣ್ಯಕೇಶಿ ಮೂರೂ ನದಿಗಳು ಉಕ್ಕಿ ಹರಿದವು. ಗೋಕಾಕ ನಗರದ ತಗ್ಗಿನ ಓಣಿಗಳಲ್ಲಿ, ಮೂಡಲಗಿ ಮತ್ತು ಹುಕ್ಕೇರಿ ತಾಲ್ಲೂಕುಗಳ ಹೊಳೆ ದಂಡೆಯ ಊರುಗಳಲ್ಲಿ ಮಣ್ಣಿನ ಗೋಡೆಯ ಮನೆಗಳು ನೆನೆದು ಕುಸಿದವು. ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂಪಾಯಿ ಕೊಡುವುದಾಗಿ ಆಗಿನ ರಾಜ್ಯ ಸರ್ಕಾರ ಘೋಷಿಸಿತು.

ಅದೇ ಊರಿನಲ್ಲಿ ಮೊದಲಿನಿಂದಲೂ ಸ್ವಂತ ಮನೆಯಿಲ್ಲದೆ ಬಾಡಿಗೆ ಕೋಣೆಯಲ್ಲೋ ತಗಡಿನ ಶೆಡ್ಡಿನಲ್ಲೋ ಇರುವ ಕುಟುಂಬವೊಂದಿದೆ ಎನ್ನೋಣ. ಪ್ರಧಾನಮಂತ್ರಿ ಆವಾಸ್ ಗ್ರಾಮೀಣ ಯೋಜನೆಯಲ್ಲಿ ಅದಕ್ಕೆ ಮನೆ ಮಂಜೂರಾದರೆ ಸಿಗುವ ಸಹಾಯಧನ 1.20 ಲಕ್ಷ. ಎರಡೂ ಸರ್ಕಾರದ ಹಣವೇ. ಇಬ್ಬರೂ ಕೊಳ್ಳುವ ಸಿಮೆಂಟು, ಉಸುಕು, ಕಬ್ಬಿಣದ ದರವೂ ಒಂದೇ. ಹಾಗಾದರೆ ಈ ಅಂತರ ಏಕೆ? ಉತ್ತರ ತಿಳಿಯಬೇಕಾದರೆ ಮನೆಯ ಹಣ ಯಾವ ದಾರಿಯಲ್ಲಿ ಬರುತ್ತದೆ ಎಂದು ನೋಡಬೇಕು.

ಹಣದ ದಾರಿ

ಬಡವರ ಗ್ರಾಮೀಣ ಮನೆಗಳಿಗಾಗಿ ಕೇಂದ್ರ ಸರ್ಕಾರ 1985ರಲ್ಲಿ ಇಂದಿರಾ ಆವಾಸ್ ಯೋಜನೆ ಆರಂಭಿಸಿತು. 2016ರಲ್ಲಿ ಅದರ ಜಾಗಕ್ಕೆ ಪ್ರಧಾನಮಂತ್ರಿ ಆವಾಸ್ ಗ್ರಾಮೀಣ ಯೋಜನೆ ಬಂದಿತು. ಬಯಲು ಪ್ರದೇಶದಲ್ಲಿ 70 ಸಾವಿರವಿದ್ದ ಸಹಾಯಧನ 1.20 ಲಕ್ಷವಾಯಿತು. ಇದರಲ್ಲಿ ಕೇಂದ್ರದ ಪಾಲು ಶೇ 60, ಅಂದರೆ 72 ಸಾವಿರ. ಉಳಿದ 48 ಸಾವಿರ ರಾಜ್ಯದ್ದು. ಇದಲ್ಲದೆ ಬಸವ ವಸತಿ, ಡಾ. ಬಿ.ಆರ್. ಅಂಬೇಡ್ಕರ್ ನಿವಾಸ್, ದೇವರಾಜ ಅರಸು ವಸತಿ ಎಂಬ ರಾಜ್ಯದ ಯೋಜನೆಗಳಿವೆ. ಇವೆಲ್ಲವನ್ನೂ ನೋಡಿಕೊಳ್ಳುವುದು 2000ದಲ್ಲಿ ಸ್ಥಾಪನೆಯಾದ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮ.

ಪ್ರವಾಹದ ಮನೆಯ ಲೆಕ್ಕ ಬೇರೆ. ಆಗ ವಿಪತ್ತು ಪರಿಹಾರ ನಿಧಿಯ ನಿಯಮದಂತೆ ಪೂರ್ತಿ ಬಿದ್ದ ಮನೆಗೆ ಸಿಗುತ್ತಿದ್ದುದು 95,100 ರೂಪಾಯಿ ಮಾತ್ರ. 5 ಲಕ್ಷ ತುಂಬಲು ಉಳಿದ 4,04,900 ರೂಪಾಯಿಯನ್ನು ರಾಜ್ಯ ತನ್ನ ಬೊಕ್ಕಸದಿಂದ ಸೇರಿಸಿತು. ಅಂದರೆ ಇಷ್ಟು ಹಣವಿಲ್ಲದೆ ಮನೆ ಏಳುವುದಿಲ್ಲ ಎಂದು ಸರ್ಕಾರವೇ ಒಪ್ಪಿಕೊಂಡಂತಾಯಿತು.

1.20 ಲಕ್ಷ ಸಾಲುತ್ತದೆಯೇ?

ಯೋಜನೆಯ ಪ್ರಕಾರ ಮನೆ ಕನಿಷ್ಠ 25 ಚದರ ಮೀಟರ್, ಸುಮಾರು 269 ಚದರ ಅಡಿ ಇರಬೇಕು. 2025-26ರಲ್ಲಿ ಸಹಾಯಧನದ ಜೊತೆಗೆ ನರೇಗಾದಲ್ಲಿ 90 ದಿನಗಳ ಕೂಲಿ, ಶೌಚಾಲಯಕ್ಕೆ 12 ಸಾವಿರ ಸೇರುತ್ತಿತ್ತು. ಆ ವರ್ಷದ ಕೂಲಿ ದರ 370 ರೂಪಾಯಿ. ಎಲ್ಲ ಕೂಡಿಸಿದರೆ 1,65,300 ರೂಪಾಯಿ, ಚದರ ಅಡಿಗೆ ಸುಮಾರು 615. ಈ ದರಕ್ಕೆ ಮನೆ ಕಟ್ಟಿಕೊಡುತ್ತೀರಾ ಎಂದು ನಿಮ್ಮ ಓಣಿಯ ಗೌಂಡಿಯನ್ನು ಕೇಳಿ ನೋಡಿ.

ಇನ್ನೊಂದು ಲೆಕ್ಕವೂ ಇದೆ. 2016-17ರಲ್ಲಿ ಕರ್ನಾಟಕದ ನರೇಗಾ ಕೂಲಿ ದಿನಕ್ಕೆ 224 ರೂಪಾಯಿ ಇತ್ತು. ಆಗ 1.20 ಲಕ್ಷವೆಂದರೆ 535 ದಿನಗಳ ಕೂಲಿ. 2025-26ರಲ್ಲಿ ಅದೇ ಹಣ 324 ದಿನಗಳ ಕೂಲಿಗೆ ಸಮ. ಕೂಲಿ ಏರಿತು, ಸಾಮಗ್ರಿಯ ಬೆಲೆ ಏರಿತು, ಸಹಾಯಧನ ಮಾತ್ರ ಇದ್ದಲ್ಲೇ ಇದೆ. ಲಿಂಟಲ್ ಮಟ್ಟಕ್ಕೆ ಬಂದು ನಿಂತ ಮನೆಗಳು ಕಣ್ಣಿಗೆ ಬಿದ್ದಾಗ ಈ ಲೆಕ್ಕವನ್ನು ನೆನಪಿಸಿಕೊಳ್ಳಬೇಕು. ಅಲ್ಲಿ ಇರುವುದು ಆ ಕುಟುಂಬದ ಸೋಮಾರಿತನವಲ್ಲ, ಕೈಯಲ್ಲಿ ಮುಗಿದ ಹಣ. ಕೊರತೆ ತುಂಬಲು ಸಂಘದ ಸಾಲ, ಕೈಗಡ, ಕೆಲವೊಮ್ಮೆ ಮಗಳ ಮದುವೆಗೆ ಇಟ್ಟ ಬಂಗಾರ ಹೋಗುತ್ತದೆ.

ಹಾಗಾದರೆ ಎಲ್ಲರಿಗೂ 5 ಲಕ್ಷ ಕೊಡಬಾರದೇ? ಇಲ್ಲಿ ಸರ್ಕಾರದ ಕಷ್ಟವೂ ನಿಜ. 12 ಕೋಟಿ ರೂಪಾಯಿಯಲ್ಲಿ 1.20 ಲಕ್ಷದಂತೆ 1,000 ಕುಟುಂಬಗಳಿಗೆ ಕೊಡಬಹುದು, 5 ಲಕ್ಷದಂತೆ ಕೊಟ್ಟರೆ 240 ಕುಟುಂಬಗಳಿಗೆ ಮಾತ್ರ. ಹೆಚ್ಚು ಜನರಿಗೆ ಸ್ವಲ್ಪ ಸ್ವಲ್ಪ ಕೊಡಬೇಕೋ, ಕಡಿಮೆ ಜನರಿಗೆ ಪೂರ್ತಿ ಮನೆ ಕೊಡಬೇಕೋ ಎಂಬುದೇ ವಸತಿ ನೀತಿಯ ದೊಡ್ಡ ಪ್ರಶ್ನೆ. ಆದರೆ ಸಹಾಯಧನವನ್ನು ಬೆಲೆ ಏರಿಕೆಗೆ ತಕ್ಕಂತೆ ಕಾಲಕಾಲಕ್ಕೆ ಹೆಚ್ಚಿಸುವುದು ಈ ಎರಡರ ನಡುವಿನ ದಾರಿ. ಕೂಲಿಗೆ ಅನ್ವಯಿಸುವ ನ್ಯಾಯ ಮನೆಗೂ ಅನ್ವಯಿಸಬೇಕಲ್ಲವೇ?

ಪಂಚಾಯಿತಿಯ ಕೈಯಲ್ಲಿ ಏನಿದೆ?

ಮನೆಯ ಹಣ ಪಂಚಾಯಿತಿಯ ಖಾತೆಗೆ ಬರುವುದಿಲ್ಲ, ನೇರವಾಗಿ ಫಲಾನುಭವಿಯ ಬ್ಯಾಂಕ್ ಖಾತೆಗೆ ಹೋಗುತ್ತದೆ. ಪಂಚಾಯಿತಿ ಸಿಬ್ಬಂದಿ ಪಾಯ, ಲಿಂಟಲ್, ಚಾವಣಿ, ಪೂರ್ಣ ಎಂಬ ಹಂತಗಳಲ್ಲಿ ಜಿಪಿಎಸ್ ಫೋಟೊ ತೆಗೆದು ಕಳುಹಿಸುತ್ತಾರೆ. ಅದರ ಮೇಲೆ ಕಂತು ಬಿಡುಗಡೆಯಾಗುತ್ತದೆ.

2025-26ರವರೆಗೆ ಪಂಚಾಯಿತಿಗೆ ಬರುತ್ತಿದ್ದ 15ನೇ ಹಣಕಾಸು ಆಯೋಗದ ಅನುದಾನದಲ್ಲಿ ಶೇ 60 ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲಾಗಿತ್ತು. ಉಳಿದ ಶೇ 40ರಲ್ಲಿ ಊರಿನ ಬೇರೆ ಕೆಲಸಗಳು ನಡೆಯಬೇಕಿತ್ತು. ಹಾಗಾಗಿ ಮನೆ ಕೊಡಿ ಎಂದು ಸದಸ್ಯರ ಮೇಲೆ ಸಿಟ್ಟಾದರೆ ಪ್ರಯೋಜನವಿಲ್ಲ. ಆದರೆ ಹೊಸ ಕಾಲೋನಿಗೆ ನಲ್ಲಿ, ಗಟಾರು, ರಸ್ತೆ ಕೇಳುವುದು ಪೂರ್ತಿ ನ್ಯಾಯ. ಅದು ಅವರ ಕೆಲಸವೇ.

ಹಣವಿಲ್ಲದಿದ್ದರೂ ಹಳ್ಳಿಯಲ್ಲಿ ಒಂದು ದೊಡ್ಡ ಅಧಿಕಾರ ಉಳಿದಿದೆ. ಮನೆ ಯಾರಿಗೆ ಎಂದು ಆರಿಸುವುದು ಗ್ರಾಮಸಭೆ. ಗೋಕಾಕ, ಮೂಡಲಗಿ, ಹುಕ್ಕೇರಿಯಂಥ ಪಟ್ಟಣಗಳಲ್ಲಿ ರಾಜ್ಯದ ಯೋಜನೆಗಳ ಆಯ್ಕೆ ಶಾಸಕರ ಅಧ್ಯಕ್ಷತೆಯ ಆಶ್ರಯ ಸಮಿತಿಯದು. ಅಲ್ಲಿ ಅರ್ಜಿಯನ್ನು ನಗರಸಭೆ ಅಥವಾ ಪುರಸಭೆಯಲ್ಲಿ ಕೊಡಬೇಕು.

2025ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ ವಸತಿ ಯೋಜನೆಗಳಲ್ಲಿ ಅಲ್ಪಸಂಖ್ಯಾತರ ಪಾಲನ್ನು ಶೇ 10ರಿಂದ 15ಕ್ಕೆ ಏರಿಸಲು ತೀರ್ಮಾನಿಸಿತು. ಇದು ಮುಸ್ಲಿಮರಿಗಷ್ಟೇ ಅಲ್ಲ, ಜೈನರು, ಕ್ರೈಸ್ತರು ಮೊದಲಾದ ಎಲ್ಲ ಅಲ್ಪಸಂಖ್ಯಾತರಿಗೂ ಸೇರಿದ್ದು. ಆದರೆ ಪಟ್ಟಿಯಲ್ಲಿ ಹೆಸರೇ ಇಲ್ಲದಿದ್ದರೆ ಶೇ 15 ಇದ್ದರೂ ಒಂದೇ, 50 ಇದ್ದರೂ ಒಂದೇ.

ನಾವು ಏನು ಮಾಡಬಹುದು?

ಮೊದಲು ಮನೆಯ ಕಾಗದಪತ್ರ ನೋಡಿ. ಜಾಗದ ಉತಾರ ಯಾರ ಹೆಸರಿನಲ್ಲಿದೆ? ಎಷ್ಟೋ ಮನೆಗಳಲ್ಲಿ ತೀರಿಹೋದ ಅಜ್ಜನ ಹೆಸರೇ ಇರುತ್ತದೆ. ಅದನ್ನು ಬದಲಿಸದಿದ್ದರೆ ಅರ್ಜಿ ಮುಂದೆ ಹೋಗುವುದು ಕಷ್ಟ. ಸರ್ಕಾರಿ ಜಾಗದಲ್ಲಿ ಬಹಳ ವರ್ಷದಿಂದ ಮನೆ ಕಟ್ಟಿಕೊಂಡಿದ್ದರೆ ಹಳ್ಳಿಯಲ್ಲಿ 94ಸಿ, ಪಟ್ಟಣದಲ್ಲಿ 94ಸಿಸಿ ಕಲಮಿನಡಿ ಹಕ್ಕುಪತ್ರ ಕೇಳಲು ಅವಕಾಶವಿದೆಯೇ ಎಂದು ತಹಶೀಲ್ದಾರ್ ಕಚೇರಿಯಲ್ಲಿ ವಿಚಾರಿಸಿ. ಮನೆ ಸಾಮಾನ್ಯವಾಗಿ ಮಹಿಳೆಯ ಹೆಸರಿಗೇ ಮಂಜೂರಾಗುವುದರಿಂದ ಅಮ್ಮನ ಆಧಾರ್ ಮತ್ತು ಬ್ಯಾಂಕ್ ಖಾತೆಯಲ್ಲಿ ಹೆಸರು ಒಂದೇ ರೀತಿ ಇದೆಯೇ ಪರೀಕ್ಷಿಸಿ.

ಎರಡನೆಯದು ಗ್ರಾಮಸಭೆ. ಕಾನೂನಿನ ಪ್ರಕಾರ ಅದು ಆರು ತಿಂಗಳಿಗೊಮ್ಮೆಯಾದರೂ ನಡೆಯಬೇಕು. ದಿನಾಂಕ ಗೊತ್ತಾದರೆ ಶುಕ್ರವಾರದ ನಮಾಜಿನ ನಂತರ ಮಸೀದಿಯಲ್ಲಿ, ಗುಡಿಯ ಕಟ್ಟೆಯ ಮೇಲೆ, ಓಣಿಯ ವಾಟ್ಸಾಪ್ ಗುಂಪಿನಲ್ಲಿ ತಿಳಿಸಿ. ಅಲ್ಲಿ ಓದುವ ಪಟ್ಟಿಯನ್ನು ಕಿವಿಗೊಟ್ಟು ಕೇಳಿ. ನಮ್ಮವರ ಹೆಸರು ಇದೆಯೇ ಎಂಬುದರ ಜೊತೆಗೆ, ನಮಗಿಂತ ಹೆಚ್ಚು ಕಷ್ಟದಲ್ಲಿರುವ ವಿಧವೆಯ, ಅಂಗವಿಕಲರ ಹೆಸರು ಬಿಟ್ಟುಹೋಗಿದೆಯೇ ಎಂದೂ ನೋಡಿ.

ಮತದಾರರ ಪಟ್ಟಿಯಲ್ಲಿರುವ ಪ್ರತಿಯೊಬ್ಬರೂ ಗ್ರಾಮಸಭೆಯ ಸದಸ್ಯರು. ದ್ವಿತೀಯ ಪಿಯುಸಿ ಮುಗಿಯುವ ಹೊತ್ತಿಗೆ ನಮ್ಮಲ್ಲಿ ಹೆಚ್ಚಿನವರಿಗೆ 18 ತುಂಬುತ್ತದೆ. ಪಠ್ಯಪುಸ್ತಕದಲ್ಲಿ 73ನೇ ತಿದ್ದುಪಡಿಯ ಬಗ್ಗೆ ಐದು ಅಂಕದ ಉತ್ತರ ಬರೆದವರು ಒಮ್ಮೆ ಆ ಸಭೆಯಲ್ಲಿ ಎದ್ದು ನಿಂತು, ಲಿಂಟಲ್‌ಗೆ ನಿಂತ ಮನೆಯ ಮುಂದಿನ ಕಂತು ಯಾಕೆ ಬಂದಿಲ್ಲ ಎಂದು ಕೇಳಲಿ. ಆ ಉತ್ತರಕ್ಕಾಗಿ ಒಂದು ಕುಟುಂಬ ಮಳೆಗಾಲಕ್ಕೆ ಮೊದಲೇ ಕಾಯುತ್ತಿರುತ್ತದೆ.